ಮಲ್ಲೇಶಪ್ಪನವರ ಕೈಕ್ಲಚ್ಚು

ಮೊನ್ನೆ ಪುಣೆಯ ಹಡಪಸರದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮಳೆ ಆಗತಾನೇ ಹೊಳವಾಗಿತ್ತು. ರಸ್ತೆಯ ಬದಿಗೆ ಸಾಸವಡ ಕಡೆಯ ಹೆಂಗಸೊಬ್ಬಳು ಬುಟ್ಟಿ ತುಂಬ ಸೀತಾಫಲ ಇಟ್ಟುಕೊಂಡು ಕೂತಿದ್ದಳು. ಅಷ್ಟರಲ್ಲಿ ಟೇಪಿನಲ್ಲಿ ಯಾವುದೋ ಹಾಡನ್ನು ಓಣಿಗೆಲ್ಲ ಕೇಳುವಂತೆ ಹಾಕಿಕೊಂಡು ಬಂದ ಟೆಂಪೊ ಒಂದು ಅವಳೆದುರು ಗಕ್ಕನೆ ನಿಂತಿತು. ಅಲ್ಲೊಂದು ಸಣ್ಣ ಏರು. ಟೆಂಪೊ ಮತ್ತೆ ಹೊರಡಲಾರದೆ ಎರಡು ಸಲ ಜಿಗಿದು, ಎರಡು ಸಲ ಆರಿ, ಸುಟ್ಟ ಕ್ಲಚ್ಚಿನ ವಾಸನೆ ಬಿಟ್ಟಿತು. ಮಾಗಿದ ಸೀತಾಫಲ ಮತ್ತು ಸುಟ್ಟ ಕ್ಲಚ್ಚು, ಈ ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ಅರವತ್ತು ದಾಟಿದ ನಾನು ನಿಂತ ನಿಲುವಿನಲ್ಲೇ ಇಪ್ಪತ್ತಾರರವನಾಗಿಬಿಟ್ಟೆ. ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಸ್ವಾತಂತ್ರ್ಯ ಬರುವುದಕ್ಕೆ ಒಂದು ವರ್ಷ ಮುಂಚಿನ ಮಳೆಗಾಲ ಅದು. ಪುಣೆ ಕ್ಯಾಂಪಿನ ಓಣಿಯೊಂದರಲ್ಲಿ ನನ್ನದು ಹಾರ್ಮೋನಿಯಂ ರಿಪೇರಿ ಅಂಗಡಿ. ಅಂಗಡಿ ಎಂದರೆ ಹಲಗೆಯ ಬಾಗಿಲು, ಒಂದು ಬೆಂಚು, ಒಳಗೆ ಬಿಚ್ಚಿ ಹರವಿದ ಪೇಟಿಗಳು. ಅಲ್ಲಿ ಹಾರ್ಮೋನಿಯಂ ಎಂದು ಪೂರ್ತಿ ಹೆಸರು ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ಎಲ್ಲರಿಗೂ ಅದು ಪೇಟಿ, ನಾನು ಪೇಟಿ ಮಾಸ್ತರ. ಧಾರವಾಡದಲ್ಲಿ ಅಪ್ಪನ ಕೈಕೆಳಗೆ ಕೆಲಸ ಕಲಿತು, ನಾಟಕ ಕಂಪನಿಗಳ ಬೆನ್ನು ಹತ್ತಿ ಪುಣೆಗೆ ಬಂದು ಇಲ್ಲೇ ಬೇರೂರಿದವನು. ಅಪ್ಪ ಕಲಿಸಿದ ಮೊದಲ ಪಾಠವೆಂದರೆ, ಪೇಟಿಯಲ್ಲಿ ಸ್ವರವೊಂದನ್ನು ಬಿಟ್ಟು ಬೇರೆ ಏನೂ ಕೇಳಬಾರದು. ಒತ್ತಿದಾಗ ಟಕ್ ಎನ್ನಬಾರದು, ತಿದಿ ಎಳೆದಾಗ ಕಿರ್ ಎನ್ನಬಾರದು. ಎಲ್ಲೆಲ್ಲಿ ಮರಕ್ಕೆ ಮರ, ತಂತಿಗೆ ತಂತಿ ತಾಗುತ್ತದೋ ಅಲ್ಲೆಲ್ಲ ದಪ್ಪ ಉಣ್ಣೆ ಬಟ್ಟೆಯ ಸಣ್ಣ ಬಿಲ್ಲೆ ಕತ್ತರಿಸಿ ಕೂರಿಸಬೇಕು. ಈ ಉಣ್ಣೆಬಿಲ್ಲೆಯ ವಿದ್ಯೆಯಲ್ಲಿ ನಾನು ಪಂಡಿತ ಎಂದು ನನಗೆ ನಾನೇ ಬಿರುದು ಕೊಟ್ಟುಕೊಂಡಿದ್ದೆ. ಆ ಪಾಂಡಿತ್ಯ ಆ ವರ್ಷ ನನ್ನ ಮಾನ ಕಳೆಯುವುದೊಂದು ಬಾಕಿ ಇತ್ತು.

ಆಷಾಢದ ಜಿಟಿಜಿಟಿ ಮಳೆ. ನನ್ನ ಮುಂದೆ ಒಂದು ಕಾಲುಪೇಟಿ ಬಿಚ್ಚಿಕೊಂಡು ಬಿದ್ದಿತ್ತು. ಕೆಳಗಿನ ಎರಡು ಹಲಗೆಗಳನ್ನು ಕಾಲಿನಿಂದ ತುಳಿಯುತ್ತ ಗಾಳಿ ತುಂಬಿ, ಎರಡೂ ಕೈಯಿಂದ ಬಾರಿಸುವ ದೊಡ್ಡ ಪೇಟಿ ಅದು. ಅದರ ಯಜಮಾನರು ನಾಟಕದ ಹಾಡಿಗೆ ಪೇಟಿ ಬಾರಿಸುತ್ತಿದ್ದ ಹಳೆಯ ಸಾಥಿದಾರರು, ಮೊಣಕಾಲು ಹೋಗಿ ತುಳಿಯಲಾಗದೆ ಇದನ್ನು ಕೈಯಿಂದ ಗಾಳಿ ಹಾಕುವಂತೆ ಮಾಡಿಕೊಡು ಎಂದು ಬಿಟ್ಟುಹೋಗಿದ್ದರು. ನಾನು ತಲೆ ತಗ್ಗಿಸಿ, ಕೈಯ ಎಳೆತವನ್ನು ತಿದಿಗೆ ಮುಟ್ಟಿಸುವ ಸನ್ನೆಕಡ್ಡಿ ಕೂರಿಸುತ್ತಿದ್ದಾಗ ಮಳೆಗೆ ಹೆದರಿ ಒಬ್ಬರು ಒಳಗೆ ಬಂದು ಬೆಂಚಿನ ಮೇಲೆ ಕೂತರು. ಕೂತರು ಎನ್ನುವುದಕ್ಕಿಂತ ಒರಗಿದರು. ಎಡಗಾಲು ಮಡಿಚಲೇ ಇಲ್ಲ, ನೀಟಾಗಿ ಮುಂದಕ್ಕೆ ಚಾಚಿಕೊಂಡೇ ಇತ್ತು. ನಲವತ್ತು ದಾಟಿದ ಆಳು, ಖಾಕಿ ಕೋಟು, ತಲೆಗೆ ರುಮಾಲು. ನಾನು ಸ್ಕ್ರೂ ಕೈ ಜಾರಿದ್ದಕ್ಕೆ ಕನ್ನಡದಲ್ಲಿ ಬೈದುಕೊಂಡದ್ದು ಕೇಳಿ ಅವರ ಮುಖ ಅರಳಿತು. ಬೈಲಹೊಂಗಲ ಕಡೆಯವರು, ಹೆಸರು ಮಲ್ಲೇಶಪ್ಪ. ಯುದ್ಧ ಮುಗಿಯುವ ತನಕ ಆಸಾಮಿನ ಗುಡ್ಡದ ದಾರಿಯಲ್ಲಿ ಮಿಲಿಟರಿ ಟ್ರಕ್ಕು ಓಡಿಸಿದವರು.

ಅವರು ಬಹಳ ಹೊತ್ತು ನನ್ನ ಕೆಲಸ ನೋಡಿದರು. ತುಳಿಯುವ ಹಲಗೆ ಎತ್ತ ಹೋಯಿತು, ಕೈಯ ಎಳೆತ ಒಳಗಿನ ತಿದಿಗೆ ಹೇಗೆ ಮುಟ್ಟುತ್ತದೆ ಎಂದು ಒಂದೊಂದಾಗಿ ಕೇಳಿದರು. ಕೊನೆಗೆ, ಮಳೆ ನಿಂತ ಮೇಲೂ ಏಳದೆ, ನೆಲ ನೋಡುತ್ತ ಹೇಳಿದರು:

"ಮಾಸ್ತರ, ಕಾಲಪೇಟಿನ ಕೈಪೇಟಿ ಮಾಡಾಕತ್ತೀರಿ. ನನ್ನ ಟ್ರಕ್ಕಿಗೆ ಯಾಕ ಆಗಂಗಿಲ್ಲ?"

ನಾನು ಆ ತನಕ ಟ್ರಕ್ಕಿನ ಬಾನೆಟ್ಟು ಎತ್ತಿ ನೋಡಿದವನಲ್ಲ. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಆದರೆ ಆ ಪ್ರಶ್ನೆ ಕೇಳಿ ನನಗೆ ಒಳಗೊಳಗೇ ಎಂಥದೋ ಉಮೇದು ಹತ್ತಿಬಿಟ್ಟಿತ್ತು. ಬಾಯಿಂದ ಬಂದ ಮಾತು ಬೇರೆಯೇ, ನೋಡೋಣ ನಡೀರಿ ಎಂದೆ.

ಟ್ರಕ್ಕು ಹಡಪಸರದಲ್ಲಿ ಒಂದು ಹುಣಸೆ ಮರದ ಕೆಳಗೆ ನಿಂತಿತ್ತು. ಯುದ್ಧ ಮುಗಿದ ಮೇಲೆ ಖಡಕಿಯಲ್ಲಿ ಹರಾಜಿಗೆ ಬಂದ ಮಿಲಿಟರಿ ಗಾಡಿಗಳಲ್ಲೊಂದು. ಮಲ್ಲೇಶಪ್ಪನವರೂ ಅವರ ಜತೆ ಅದೇ ತುಕಡಿಯಲ್ಲಿ ಡ್ರೈವರಾಗಿದ್ದ ಸಾಸವಡದ ಧೋಂಡಿಬಾನೂ ಸೇರಿ ತಂದದ್ದು. ಮುಂದಿನ ಮೂಗು ಯಾರೋ ಗುದ್ದಿ ಒಳಗೆ ಸೇರಿಸಿದ ಹಾಗೆ ಮೊಂಡ. ಮೂಗಿಲ್ಲದ್ದರಿಂದ ಇಂಜಿನ್ನು ಡ್ರೈವರನ ಪಕ್ಕಕ್ಕೇ ಬಂದು ಕೂತಿದೆ, ಡ್ರೈವರನ ಕಾಲಿಗೆ ಜಾಗವೇ ಇಲ್ಲ. ಮೊಣಕಾಲು ಎದೆಯ ಹತ್ತಿರ ಬರುವಂತೆ ಮುದುಡಿ ಕೂತು ದಿನವಿಡೀ ಆ ಗಟ್ಟಿ ಪೆಡಲುಗಳನ್ನು ತುಳಿಯಬೇಕು. ಧೋಂಡಿಬಾ ತನ್ನ ಎರಡೂ ಮೊಣಕಾಲು ತೋರಿಸಿದ. ಊದಿಕೊಂಡು ತೆಂಗಿನಕಾಯಿಯಷ್ಟಾಗಿದ್ದವು, ಆ ಕ್ಲಚ್ಚು ತುಳಿಯುವುದು ಅವನಿಂದಲೂ ಆಗುತ್ತಿರಲಿಲ್ಲ. ಈ ಮೊಂಡಮೂಗು ನಮ್ಮ ಇಡೀ ತುಕಡಿಯ ಮೊಣಕಾಲು ತಿಂದು ಹಾಕಿತು ಎಂದು ಮರಾಠಿಯಲ್ಲಿ ನಗುತ್ತಲೇ ಹೇಳಿದ. ಮಲ್ಲೇಶಪ್ಪನವರ ಎಡಗಾಲಂತೂ ಯುದ್ಧ ಮುಗಿಯುವ ಹೊತ್ತಿಗೆ ಒಂದು ಸಲ ಗಾಡಿ ಜಾರಿದಾಗ ಇಂಜಿನ್ನಿಗೂ ಸ್ಟೇರಿಂಗಿಗೂ ನಡುವೆ ಸಿಕ್ಕಿ, ಅಂದಿನಿಂದ ಮಡಿಚುವ, ಬಲ ಹಾಕಿ ಒತ್ತುವ ಶಕ್ತಿ ಕಳೆದುಕೊಂಡಿತ್ತು. ಬಲಗಾಲು ನೋಯುತ್ತಿತ್ತು, ಆದರೂ ಕೆಲಸಕ್ಕೆ ಬರುತ್ತಿತ್ತು.

ವಿಷಯ ಇಷ್ಟು. ಶ್ರಾವಣ ಕಳೆದರೆ ಸಾಸವಡದ ತೋಟಗಳಲ್ಲಿ ಸೀತಾಫಲ. ಮಾಗಿದ ಹಣ್ಣು ಎರಡು ದಿನ ತಡೆಯುವುದಿಲ್ಲ, ದಿವೆ ಘಾಟು ಇಳಿಸಿ ಬೇಗ ಪುಣೆಗೆ ತರಬೇಕು. ಅದಕ್ಕೇ ಟ್ರಕ್ಕು. ಆದರೆ ಲೈಸೆನ್ಸಿಗೆ ಹೋದಾಗ ಇನ್‌ಸ್ಪೆಕ್ಟರ್ ಸಾಹೇಬರು ಮಲ್ಲೇಶಪ್ಪನವರ ನಡಿಗೆ ನೋಡಿ, ಕ್ಲಚ್ಚು ತುಳಿಯಲಾರದವನಿಗೆ ಟ್ರಕ್ಕು ಕೊಡಲಾರೆ ಎಂದುಬಿಟ್ಟಿದ್ದರು. ಇವರು ಕೈಮುಗಿದು ನಿಂತೇ ಇದ್ದದ್ದಕ್ಕೆ ಕರಗಿ, ಗಣಪತಿ ಹಬ್ಬ ಕಳೆದ ಮೇಲೆ ಇನ್ನೊಂದು ಸಲ ಬಾ, ದಿವೆ ಘಾಟಿನ ಏರಿನಲ್ಲಿ ನಿಲ್ಲಿಸಿ ಹೊರಡಿಸಿ ತೋರಿಸು, ಆಗದಿದ್ದರೆ ಮತ್ತೆ ನನ್ನ ಬಾಗಿಲಿಗೆ ಬರಬೇಡ ಎಂದಿದ್ದರು. ಆಗದಿದ್ದರೆ ಟ್ರಕ್ಕು ಮಾರುವುದು, ಮಲ್ಲೇಶಪ್ಪ ಊರಿಗೆ ಹೋಗಿ ತಮ್ಮನ ಮನೆಯಲ್ಲಿ ಇರುವುದು.

"ತಮ್ಮ ಒಳ್ಳೇಂವ ಅದಾನ್ರಿ," ಎಂದರು ಅವರು. "ಒಂದ ತುತ್ತು ಕಡಿಮಿ ಮಾಡಂಗಿಲ್ಲ. ಆದ್ರ ನನ್ನ ನೋಡಿ ಮಂದಿ, ಪಾಪ, ಅಂತಾರಲ್ಲಾ, ಆ ಮಾತ ನನಗ ಬ್ಯಾಡ್ರಿ."

ಸರಿಯಾಗಿ ಒಂದೂವರೆ ತಿಂಗಳು ಕೈಯಲ್ಲಿತ್ತು.

ಆ ಒಂದೂವರೆ ತಿಂಗಳು ನಾನು ಮನುಷ್ಯನಾಗಿರಲಿಲ್ಲ ಎಂದು ನನ್ನ ಹೆಂಡತಿ ಸುಂದ್ರಾ ಕೊನೆಯ ತನಕ ಹೇಳುತ್ತಿದ್ದಳು. ಊಟಕ್ಕೆ ಕೂತರೆ ಜೋಳದ ಭಕ್ಕರಿಯನ್ನು ಸನ್ನೆಕಡ್ಡಿ ಮಾಡಿ ಪಲ್ಯದ ಬಟ್ಟಲು ಎತ್ತಿ ನೋಡುತ್ತಿದ್ದೆ. ಪೇಟಿಗಳೆಲ್ಲ ಬಾಯಿ ತೆರೆದುಕೊಂಡು ಬಿದ್ದಿದ್ದವು. ಬೆಳಗ್ಗೆ ಸೈಕಲ್ಲು ಹತ್ತಿ ಹಡಪಸರಕ್ಕೆ ಹೋದರೆ ಬರುವಾಗ ದೀಪ ಹಚ್ಚುವ ಹೊತ್ತು, ಕೈಯೆಲ್ಲ ಮಸಿ. ಮೊದಲು ನನಗೆ ಕ್ಲಚ್ಚು ಎಂದರೇನು ಎಂದು ತಿಳಿಯಬೇಕಿತ್ತು. ಮಲ್ಲೇಶಪ್ಪ ತಮ್ಮ ಎರಡು ಅಂಗೈ ಒತ್ತಿ ಹಿಡಿದು ತೋರಿಸಿದರು. ಒಂದು ಕೈ ಇಂಜಿನ್ನು, ಒಂದು ಕೈ ಗಾಲಿ. ಪೆಡಲು ತುಳಿದರೆ ಕೈ ಬಿಡುತ್ತವೆ, ಆಗ ಗೇರು ಬದಲಿಸಬೇಕು. ಪೆಡಲು ಬಿಟ್ಟರೆ ಮತ್ತೆ ಕೈ ಕೂಡುತ್ತವೆ. ಒಮ್ಮೆಲೇ ಕೂಡಿದರೆ ಗಾಡಿ ಜಿಗಿಯುತ್ತದೆ, ತಡಮಾಡಿ ಕೂಡಿದರೆ ಏರಿನಲ್ಲಿ ಹಿಂದಕ್ಕೆ ಜಾರುತ್ತದೆ. ಸರಿಯಾದ ಜಾಗ ಒಂದು ಕೂದಲೆಳೆಯಷ್ಟು. ಅಂದರೆ ಪೇಟಿಗೆ ಸುರ ಹಚ್ಚಿದ ಹಾಗೆ ಎಂದೆ ನಾನು. ಅವರು ಹೌದೆಂದು ತಲೆಯಾಡಿಸಿದರು. ಅಲ್ಲಿಂದ ಮುಂದೆ ನಮ್ಮಿಬ್ಬರಿಗೂ ಒಂದೇ ಭಾಷೆ ಸಿಕ್ಕಂತಾಯಿತು.

ಕ್ಲಚ್ಚನ್ನು ಕೈಯಿಂದ ಎಳೆಯಲು ನಾನು ಮಾಡಿದ ಮೊದಲ ಸನ್ನೆ ಸಾಗವಾನಿಯದು. ನಗಬೇಡಿ, ನನಗೆ ಗೊತ್ತಿದ್ದದ್ದು ಮರ. ಎರಡು ದಿನ ಕೂತು ಕೆತ್ತಿ, ಪಾಲಿಶ್ ಮಾಡಿ, ತುದಿಗೆ ಹಿತ್ತಾಳೆಯ ಗುಂಡು ಕೂಡಿಸಿ ತೆಗೆದುಕೊಂಡು ಹೋದೆ. ಧೋಂಡಿಬಾ ಅದನ್ನು ಕಿವಿಯ ಹತ್ತಿರ ಹಿಡಿದು, ಇದಕ್ಕೆ ತಂತಿ ಯಾವಾಗ ಕಟ್ಟುತ್ತೀರಿ ಎಂದು ಕೇಳಿದ. ಮಲ್ಲೇಶಪ್ಪ ಒಂದೇ ಸಲ ಎಳೆದರು, ಲಟಕ್ಕನೆ ಮುರಿಯಿತು. ಹಿತ್ತಾಳೆ ಗುಂಡು ಹುಣಸೆ ಮರದ ಬುಡಕ್ಕೆ ಉರುಳಿಹೋಯಿತು.

ಮರುದಿನವೇ ಹಳೆ ಸಾಮಾನು ಮಾರುವ ಜುನಾ ಬಜಾರಿಗೆ ಹೋದೆ. ಆ ದಿನಗಳಲ್ಲಿ ಅಲ್ಲಿ ಯುದ್ಧದ ಎಲುಬು ಸಿಗುತ್ತಿದ್ದವು. ಮುರಿದ ಗಾಡಿಗಳ ಕಬ್ಬಿಣದ ಸಲಾಕೆ, ಸ್ಪ್ರಿಂಗು, ಕೊಂಡಿ, ಎಲ್ಲ ರಾಶಿ ರಾಶಿ. ನಾನು ಮಳೆಯಲ್ಲಿ ನೆನೆಯುತ್ತ ಆ ರಾಶಿಗಳ ಮೇಲೆ ಹತ್ತಿ ಇಳಿದು, ಉದ್ದನೆಯದೊಂದು ಸಲಾಕೆ, ಗಟ್ಟಿಯದೊಂದು ಸ್ಪ್ರಿಂಗು ಆರಿಸಿದೆ. ಅಲ್ಲಿಯ ಕಮ್ಮಾರನೊಬ್ಬ ನನ್ನ ನೂಲಿನ ಅಳತೆ ನೋಡಿ, ಸ್ಕೇಲು ಇಲ್ಲವೇ ಎಂದ. ಪೇಟಿಯವರು ನೂಲಿನಲ್ಲೇ ಅಳೆಯುವುದು, ನೂಲು ಸುಳ್ಳು ಹೇಳುವುದಿಲ್ಲ ಎಂದೆ. ಅವನು ನಕ್ಕ, ಆದರೆ ಸಲಾಕೆ ಬಗ್ಗಿಸಿದ್ದು ನೂಲಿನ ಅಳತೆಗೇ.

ಸನ್ನೆಯನ್ನು ಗೇರಿನ ಪಕ್ಕಕ್ಕೇ ನಿಲ್ಲಿಸಿದೆ. ಎಡಗೈಯಿಂದ ಹಿಂದಕ್ಕೆ ಎಳೆದರೆ ಕೆಳಗೆ ಒಂದು ಕಂಬಿ ಪೆಡಲನ್ನು ಒತ್ತುತ್ತದೆ. ಕೈಯ ಬಲ ಸಾಲದ್ದಕ್ಕೆ ಸ್ಪ್ರಿಂಗಿನ ಸಹಾಯ. ಎಳೆದಲ್ಲೇ ನಿಲ್ಲಲಿ ಎಂದು ಒಂದು ಕೊಂಡಿ, ಅದನ್ನು ಸಿಕ್ಕಿಸಿದರೆ ಕೈ ಖಾಲಿಯಾಗಿ ಗೇರು ಹಾಕಲು ಬರುತ್ತದೆ. ಸೀಟನ್ನು ಒಂದು ಗೇಣು ಎತ್ತರಿಸಿ ಹಿಂದಕ್ಕೆ ಸರಿಸಿದೆವು, ಎಡಗಾಲು ಚಾಚಲೂ ಬಲಗಾಲು ಆಡಿಸಲೂ ಜಾಗ ಸಿಕ್ಕಿತು. ಬ್ರೇಕಿನ ಪೆಡಲಿಗೆ ಮರದ ದಿಮ್ಮಿ ಕೂಡಿಸಿ ಕಾಲಿಗೆ ಹತ್ತಿರ ತಂದೆವು. ಆ ಗಾಡಿಯಲ್ಲಿ ಕೈಯಿಂದಲೇ ಇಂಜಿನ್ನಿನ ವೇಗ ಏರಿಸುವ ಗುಂಡಿಯೊಂದು ಮೊದಲೇ ಇತ್ತು. ಏರಿನಲ್ಲಿ ಬಲಗಾಲು ಬ್ರೇಕಿನ ಮೇಲೇ ಇರಲಿ, ವೇಗ ಗುಂಡಿಯಿಂದ ಬರಲಿ ಎಂದು ಮಲ್ಲೇಶಪ್ಪನವರೇ ಉಪಾಯ ಹೇಳಿದರು. ನಮ್ಮ ಖುಷಿಗೆ ಮೇರೆ ಇರಲಿಲ್ಲ. ಮೂವರೂ ಮಳೆಯಲ್ಲಿ ನಿಂತು ಆ ಸನ್ನೆಯನ್ನು ಸರದಿಯ ಮೇಲೆ ಎಳೆದು ಬಿಟ್ಟು ಎಳೆದು ಬಿಟ್ಟು ಮಾಡಿದೆವು.

ಇಲ್ಲಿ ನನ್ನ ಪಾಂಡಿತ್ಯ ಎದ್ದಿತು. ಸನ್ನೆ ಎಳೆದಾಗಲೆಲ್ಲ ಕಬ್ಬಿಣಕ್ಕೆ ಕಬ್ಬಿಣ ತಾಗಿ ಟಕ್, ಕಟಕ್, ಟಕ್. ಧಾರವಾಡದ ಅಪ್ಪ ಕೇಳಿದ್ದರೆ ಕಿವಿ ಹಿಂಡುತ್ತಿದ್ದರು. ಆ ವಾರ ಮನೆಯಲ್ಲಿ ಕೂತು ಹನ್ನೊಂದು ಉಣ್ಣೆಬಿಲ್ಲೆ ಕತ್ತರಿಸಿದೆ. ಸುಂದ್ರಾ ರೊಟ್ಟಿ ಬಡಿಯುತ್ತ ತಿರುಗಿ ನೋಡಿ, "ಏನ್ರಿ, ಟ್ರಕ್ಕಿಗೆ ಕೌದಿ ಹೊಚ್ಚಾವರೇನು?" ಎಂದಳು. ಹೆಂಗಸರಿಗೆ ಯಂತ್ರದ ವಿಷಯ ತಿಳಿಯುವುದಿಲ್ಲ ಎಂದು ದೊಡ್ಡ ಮನಸ್ಸು ಮಾಡಿ ಸುಮ್ಮನಾದೆ. ಹನ್ನೊಂದೂ ಕೀಲಿಗೆ ಹನ್ನೊಂದು ಬಿಲ್ಲೆ ಕೂಡಿಸಿದ ಮೇಲೆ ಸನ್ನೆ ಬೆಣ್ಣೆಯಾಯಿತು. ಪಿಟ್ಟೆನ್ನಲಿಲ್ಲ.

ಮೊದಲ ಓಟ ನಾಗರಪಂಚಮಿಯ ಮರುದಿನ. ಮಲ್ಲೇಶಪ್ಪ ಸನ್ನೆ ಎಳೆದರು, ಕೊಂಡಿ ಸಿಕ್ಕಿಸಿದರು, ಗೇರು ಹಾಕಲು ಹೋದರೆ ಒಳಗಿನಿಂದ ಹಲ್ಲು ಕಡಿದಂತೆ ಕರಕರ ಸದ್ದು. ಕ್ಲಚ್ಚು ಪೂರ್ತಿ ಬಿಟ್ಟಿರಲೇ ಇಲ್ಲ. ಗಾಡಿ ತನ್ನಷ್ಟಕ್ಕೆ ಮುಂದೆ ಹೋಗಿ ಹುಣಸೆ ಮರಕ್ಕೆ ಮೊಂಡ ಮೂಗು ತಾಗಿಸಿ ನಿಂತಿತು. ಮೈಮೇಲೆ ಒಂದು ರಾಶಿ ಹಸಿ ಎಲೆ ಉದುರಿತು. ಯಾರಿಗೂ ಏನೂ ಆಗಲಿಲ್ಲ. ನಾನು ಗಾಡಿಯ ಕೆಳಗೆ ನುಗ್ಗಿ ನೋಡಿದೆ. ಹನ್ನೊಂದು ಬಿಲ್ಲೆಗಳೂ ಮಳೆ ಕುಡಿದು ಉಬ್ಬಿ ಮೆತ್ತಗಾಗಿದ್ದವು. ಎಳೆದ ಬಲವೆಲ್ಲ ಉಣ್ಣೆಯನ್ನು ಹಿಂಡುವುದಕ್ಕೇ ಹೋಗುತ್ತಿತ್ತು, ಪೆಡಲಿಗೆ ಮುಟ್ಟುತ್ತಿದ್ದದ್ದು ಉಳಿದ ಪಾಲು. ಸುಂದ್ರಾಳ ಕೌದಿ ನೆನಪಾಗಿ ಅಲ್ಲೇ ಕೆಸರಿನಲ್ಲಿ ಮಲಗಿ ನಾಚಿಕೊಂಡೆ.

ಎಲ್ಲ ಕಿತ್ತು ಹಾಕಿದೆ. ಟಕ್ ಕಟಕ್ ಮತ್ತೆ ಬಂತು, ಗೇರು ಸುಸೂತ್ರ ಬಿತ್ತು. ಅಷ್ಟೇ ಅಲ್ಲ, ಇನ್ನೊಂದು ಚಮತ್ಕಾರವೂ ಆಯಿತು. ನಾಲ್ಕು ದಿನ ಓಡಿಸಿದ ಮೇಲೆ ಮಲ್ಲೇಶಪ್ಪ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಕಣ್ಣು ಮುಚ್ಚಿಕೊಂಡು ಕೇಳಿರಿ ಎಂದರು. ಸನ್ನೆಯನ್ನು ಮೆಲ್ಲಗೆ ಬಿಡುತ್ತ ಬಂದರು. ಬಂದು ಬಂದು ಒಂದು ಜಾಗದಲ್ಲಿ ದೊಡ್ಡ ಕೀಲು ತನ್ನ ತೂತಿನಲ್ಲಿ ಹೊರಳಿ ಟಕ್ ಎಂದಿತು, ಅದೇ ಕ್ಷಣಕ್ಕೆ ಇಂಜಿನ್ನಿನ ಸ್ವರ ಒಂದು ಮೆಟ್ಟಿಲು ಕೆಳಗೆ ಇಳಿಯಿತು. ಕ್ಲಚ್ಚು ಕೈಹಿಡಿಯುವ ಜಾಗ ಸರಿಯಾಗಿ ಅದೇ. ಮೊದಲು ಪಾದದಲ್ಲಿ ತಿಳಿಯುತ್ತಿದ್ದದ್ದು ಈಗ ಕಿವಿಯಲ್ಲಿ ತಿಳಿಯುತ್ತದೆ ಎಂದು ಅವರು ಹೇಳಿದರು. ನನಗೆ ಕಣ್ಣು ತುಂಬಿ ಬಂತು. ಆ ಟಕ್ ನಾವು ಮಾಡಿಟ್ಟದ್ದಲ್ಲ, ತಾನಾಗಿ ಬಂದದ್ದು. ಅದಾದ ಮೇಲೆ ಹಡಪಸರದ ಸುತ್ತಿನ ಏರುಗಳೆಲ್ಲ ನಮಗೆ ಆಟವಾದವು. ಗಣಪತಿ ಬಂದ, ಹೋದ, ನಾವು ಮೋದಕ ತಿಂದದ್ದೂ ಗಾಡಿಯಲ್ಲೇ.

ಈಗ ನನ್ನ ದಡ್ಡತನ ಹೇಳಬೇಕು. ಪರೀಕ್ಷೆಯ ಬೆಳಗ್ಗೆ ನಾನೇ ಮೊದಲು ಹೋಗಿ ಗಾಡಿ ಒರೆಸಿದೆ. ಒರೆಸುತ್ತ ಸನ್ನೆ ಎಳೆದು ನೋಡಿದೆ. ಟಕ್. ಇಷ್ಟು ದೊಡ್ಡ ಸಾಹೇಬರು ಬಂದು ಕೂರುತ್ತಾರೆ, ಕೈಕೆಲಸ ಯಾರದೆಂದು ಕೇಳುತ್ತಾರೆ, ಈ ಹಾಳು ಟಕ್ ಕೇಳಿ ಏನೆಂದುಕೊಂಡಾರು ಎನಿಸಿತು. ಜೇಬಿನಲ್ಲಿ ಒಂದು ತೆಳ್ಳನೆಯ ಉಣ್ಣೆಬಿಲ್ಲೆ ಇತ್ತು. ಒಂದೇ ಒಂದು, ಕಾಗದದಷ್ಟು ತೆಳ್ಳಗಿನದು, ಇದರಿಂದ ಎಳೆತಕ್ಕೇನೂ ಕಡಿಮೆಯಾಗದು. ದೊಡ್ಡ ಕೀಲಿಗೆ ಅದನ್ನು ಕೂಡಿಸಿಬಿಟ್ಟೆ. ಸದ್ದು ಹೋಯಿತು. ನನಗೆ ಎಷ್ಟು ಹಿತವಾಯಿತೆಂದರೆ, ಆ ಸದ್ದು ಯಾರಿಗೆ ಬೇಕಾದದ್ದು ಎಂಬುದೇ ಮರೆತುಹೋಯಿತು. ಅಪ್ಪನ ಪಾಠ ಅಷ್ಟು ಆಳಕ್ಕೆ ಇಳಿದಿತ್ತು.

ಸಾಹೇಬರು ದಪ್ಪ ಮೀಸೆಯ, ಮಾತು ಕಡಿಮೆಯ ಮನುಷ್ಯ. ಮುಂದೆ ಮಲ್ಲೇಶಪ್ಪನವರ ಪಕ್ಕದಲ್ಲಿ ಕೂತರು. ನಾನೂ ಧೋಂಡಿಬಾನೂ ಹಿಂದೆ ನಿಂತೆವು. ಸಮ ದಾರಿಯಲ್ಲಿ ಗಾಡಿ ಸರಿಯಾಗಿಯೇ ಹೋಯಿತು. ಆದರೆ ಗೇರು ಬದಲಿಸುವಾಗ ಮಲ್ಲೇಶಪ್ಪ ಎರಡು ಸಲ ಕೆಳಗೆ ಸನ್ನೆಯ ಕಡೆ ನೋಡಿದ್ದು ಹಿಂದಿನ ಕಿಂಡಿಯಿಂದ ನನಗೆ ಕಂಡಿತು. ಘಾಟಿನ ದಾರಿ ಏರಿತು. ಬೆಟ್ಟದ ಮೈಯೆಲ್ಲ ಹಸಿರು, ಕೆಳಗೆ ಮಸ್ತಾನಿ ಕೆರೆ ತುಂಬಿ ನಿಂತಿತ್ತು, ಅದನ್ನು ನೋಡುವ ಮನಸ್ಸು ಮಾತ್ರ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅತಿ ಕಡಿದಾದ ತಿರುವಿನಲ್ಲಿ ಸಾಹೇಬರು ನಿಲ್ಲಿಸಲು ಹೇಳಿ ಕೆಳಗಿಳಿದರು. ಹಿಂದೆ ನಮ್ಮ ಕಾಲ ಬಳಿ ಧೋಂಡಿಬಾ ತೋಟದಿಂದ ತಂದ ಮೊದಲ ಸೀತಾಫಲಗಳ ಬುಟ್ಟಿ ಇತ್ತು. ಅದರಿಂದ ಕೈಗೆ ಮೆತ್ತಗೆ ಸಿಕ್ಕುವ, ಪೂರ್ತಿ ಮಾಗಿದ ಹಣ್ಣೊಂದನ್ನು ಆರಿಸಿ ಹಿಂದಿನ ಗಾಲಿಯ ಹಿಂದೆ ನಾಲ್ಕು ಬೆರಳು ಬಿಟ್ಟು ಇಟ್ಟರು. ಹಣ್ಣು ಉಳಿದರೆ ಲೈಸೆನ್ಸು, ಇಲ್ಲದಿದ್ದರೆ ಇಲ್ಲ ಎಂದರು.

ಮಲ್ಲೇಶಪ್ಪ ಗುಂಡಿ ಎಳೆದು ವೇಗ ಏರಿಸಿದರು. ಸನ್ನೆ ಬಿಡುತ್ತ ಬಂದರು. ಏರಿನಲ್ಲಿ ಇಂಜಿನ್ನು ಅಬ್ಬರಿಸುತ್ತಿತ್ತು, ಮೇಲೆ ತಗಡಿಗೆ ಮಳೆ ಬಡಿಯುತ್ತಿತ್ತು, ಆ ಗದ್ದಲದಲ್ಲಿ ಸ್ವರ ಇಳಿಯುವುದು ಕೇಳುವಂತಿರಲಿಲ್ಲ. ಟಕ್ ಬಂದಿದ್ದರೆ ಸನ್ನೆಯ ಮೂಲಕ ಕೈಗೂ ಮುಟ್ಟುತ್ತಿತ್ತು. ಅದು ಬರಲಿಲ್ಲ. ಅವರು ಕಾಯುತ್ತ ಕಾಯುತ್ತ ಜಾಗ ದಾಟಿಬಿಟ್ಟರು. ಗಾಡಿ ಮೈ ಕೊಡವಿ ಆರಿಹೋಯಿತು. ಬ್ರೇಕು ಹಿಡಿದಿದ್ದರಿಂದ ಹಣ್ಣು ಉಳಿಯಿತು.

ಇನ್ನೊಂದೇ ಸಲ ಎಂದರು ಸಾಹೇಬರು.

ನಾನು ಕೆಳಗೆ ಹಾರಿದೆ. ಕಾಲು ಜಾರಿ ಬಿದ್ದು ಎದ್ದು ಅವರ ಮುಂದೆ ನಿಂತು, ಒಂದು ಸಣ್ಣ ರಿಪೇರಿ ಇದೆ, ತಪ್ಪು ಡ್ರೈವರನದಲ್ಲ, ನನ್ನದು ಎಂದೆ. ನೀನು ಯಾವ ಗ್ಯಾರೇಜಿನವನು ಎಂದು ಕೇಳಿದರು. ಪೇಟಿ ರಿಪೇರಿ ಮಾಡುತ್ತೇನೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳತನಕ ನೋಡಿದರು. ಆಮೇಲೆ ಛತ್ರಿಯ ಕೆಳಗೆ ಸಿಗರೇಟು ಹಚ್ಚಿಕೊಂಡು, ಇದು ಮುಗಿಯುವ ತನಕ ನಿನಗೆ ಹೊತ್ತು ಎಂದರು.

ಕ್ಯಾಬಿನ್ನಿಗೆ ಹತ್ತಿ ಮಲ್ಲೇಶಪ್ಪನವರ ಕಾಲ ಬಳಿ ಮೊಣಕಾಲೂರಿದೆ. ಅವರು ಎರಡೂ ಕೈಯಿಂದ ಸ್ಟೇರಿಂಗು ಹಿಡಿದು, ಬಲಗಾಲಿನಿಂದ ಇಡೀ ಟ್ರಕ್ಕನ್ನು ಬೆಟ್ಟಕ್ಕೆ ಆತು ಹಿಡಿದಿದ್ದರು. ಆ ಮೊಣಕಾಲು ಥರಥರ ನಡುಗುತ್ತಿತ್ತು.

"ಅಣ್ಣಾರ, ಬೆಳಿಗ್ಗೆ ನಾನ ಒಂದು ಉಣ್ಣಿ ಬಿಲ್ಲಿ ಹಾಕೇನ್ರಿ. ಸಪ್ಪಳ ಬರಬಾರದಂತ," ಎಂದೆ.

ಅವರು ನನ್ನನ್ನು ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

"ತಗೀರಿ ಮಾಸ್ತರ," ಎಂದರು. "ನಿಮಗ ಅದು ಸಪ್ಪಳ. ನನಗ ಅದ ಕಾಲು."

ಬಿಲ್ಲೆ ಮತ್ತೆ ನೀರು ಕುಡಿದು ಉಬ್ಬಿ ಕೀಲಿನೊಳಗೆ ಕಚ್ಚಿಕೊಂಡಿತ್ತು. ಕೀಲು ಬಿಚ್ಚಲು ಹೊತ್ತಿರಲಿಲ್ಲ. ಕೋಟಿನ ಜೇಬಿನಲ್ಲಿ ಸ್ವರದ ಪಟ್ಟಿ ಎತ್ತುವ ಸಣ್ಣ ಚಿಮಟ ಇತ್ತು, ಅದು ನನ್ನ ಜತೆ ಊಟಕ್ಕೂ ಬರುತ್ತಿತ್ತು. ಅದರಿಂದ ಎಳೆ ಎಳೆಯಾಗಿ ಉಣ್ಣೆ ಕಿತ್ತೆ. ಬೆರಳು ಹರಿಯಿತು, ಗೊತ್ತಾಗಲಿಲ್ಲ. ಗ್ರೀಸು, ಉಣ್ಣೆ, ರಕ್ತ ಎಲ್ಲ ಒಂದಾಯಿತು. ಹೊರಗೆ ಧೋಂಡಿಬಾ ಜೋರಾಗಿ ವಿಠ್ಠಲನ ಹೆಸರು ಹೇಳುತ್ತಿದ್ದ. ಕೊನೆಯ ಎಳೆ ಬಂದದ್ದು ಸಾಹೇಬರು ಸಿಗರೇಟು ಕೆಳಗೆ ಬಿಸಾಡಿದ ಹೊತ್ತಿಗೆ. ಇಳಿಯಲು ವೇಳೆಯಿಲ್ಲದೆ ನಾನು ಅಲ್ಲೇ ಮುದುಡಿ ಕೂತೆ.

ಇಂಜಿನ್ನು ಹತ್ತಿತು. ಗುಂಡಿ ಎಳೆದರು. ಸನ್ನೆಯ ಕೊಂಡಿ ಬಿಟ್ಟಿತು. ಮಲ್ಲೇಶಪ್ಪ ಕಣ್ಣು ಮುಚ್ಚಿಕೊಂಡಿದ್ದರು. ನಾನು ಆ ಕೀಲನ್ನೇ ನೋಡುತ್ತಿದ್ದೆ, ಅದು ತೂತಿನಲ್ಲಿ ನಿಧಾನಕ್ಕೆ ಹೊರಳಿತು.

ಟಕ್.

ಅವರ ಬಲಗಾಲು ಬ್ರೇಕಿನಿಂದ ಎದ್ದಿತು. ಗಾಡಿ ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಜಿಗಿಯಲಿಲ್ಲ. ಕೂತವನು ಎದ್ದು ನಡೆದ ಹಾಗೆ ಎದ್ದು ನಡೆಯಿತು. ಮೊದಲ ಗೇರು, ಎಳೆತ, ಟಕ್, ಎರಡನೆಯ ಗೇರು. ನಾನು ಅಲ್ಲಿಂದಲೇ ಕೂಗುತ್ತಿದ್ದೆ, ಏನು ಕೂಗಿದೆ ಎಂದು ಈಗಲೂ ತಿಳಿಯದು. ಹಿಂದೆ ಧೋಂಡಿಬಾ ತಗಡು ಬಡಿಯುತ್ತಿದ್ದ. ತಿರುವಿನ ಮೇಲೆ ಗಾಡಿ ನಿಂತಾಗ ಮಲ್ಲೇಶಪ್ಪ ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತರು. ನಾನು ಅವರ ಎಡ ಮೊಣಕಾಲನ್ನು ಹಿಡಿದುಕೊಂಡು ಅತ್ತೆ.

ಸಾಹೇಬರು ಛತ್ರಿ ಮಡಿಚಿ, ಅಂಗೈಯಲ್ಲಿ ಸೀತಾಫಲ ಹಿಡಿದುಕೊಂಡು ಏರಿ ಬಂದರು. ಹಣ್ಣಿಗೆ ಒಂದು ಗೀರೂ ಇರಲಿಲ್ಲ. ಕಾಗದದ ಮೇಲೆ ಸಹಿ ಹಾಕುತ್ತ, ಎಲ್ಲ ಸರಿ, ಆದರೆ ಆ ಟಕ್ ಟಕ್ ಸದ್ದೊಂದು ತೆಗೆಸಿಕೋ ಎಂದರು. ಮಲ್ಲೇಶಪ್ಪ ಕಣ್ಣೊರೆಸಿಕೊಂಡು, ತಮ್ಮ ಬೈಲಹೊಂಗಲದ ರಾಗದ ಮರಾಠಿಯಲ್ಲಿ ಹೇಳಿದರು: ಅದನ್ನು ಮಾತ್ರ ತೆಗೆಯೆನ್ನಬೇಡಿ ಸಾಹೇಬರೇ, ಅದು ನನ್ನ ಮೊಣಕಾಲು. ಸಾಹೇಬರಿಗೆ ಎಷ್ಟು ತಿಳಿಯಿತೋ ಕಾಣೆ. ಮೀಸೆಯೊಳಗೆ ನಕ್ಕು ಹಣ್ಣನ್ನು ಅವರ ಕೈಯಲ್ಲಿಟ್ಟರು.

ಮಲ್ಲೇಶಪ್ಪ ಅದನ್ನು ನನಗೆ ಕೊಟ್ಟರು. ಹಿಡಿದ ಕೂಡಲೇ ಒಡೆಯುವಷ್ಟು ಮಾಗಿತ್ತು. ಗ್ರೀಸು ಹತ್ತಿದ ಕೈಯಲ್ಲೇ ಮೂವರೂ ತಿಂದೆವು, ಬೀಜ ಘಾಟಿನ ಕೆಳಗೆ ಉಗುಳುತ್ತ. ಆ ವರ್ಷ ದೀಪಾವಳಿಯ ತನಕ ಆ ಮೊಂಡಮೂಗು ದಿನಾ ಹಣ್ಣು ಇಳಿಸಿತು. ದಸರೆಗೆ ಧೋಂಡಿಬಾನೂ ಅದೇ ಸನ್ನೆಯಿಂದ ಲೈಸೆನ್ಸು ಗಿಟ್ಟಿಸಿದ. ಆಮೇಲೆ ಅವರ ತುಕಡಿಯ ಇನ್ನೂ ಮೂವರು ಕುಂಟುತ್ತ ನನ್ನ ಬೆಂಚಿಗೆ ಬಂದರು. ಅವರ ಗಾಡಿಗಳಿಗೆ ಸನ್ನೆ ಮಾಡಿಕೊಟ್ಟಾಗ ಸುಂದ್ರಾ ಒಂದೇ ಕೆಲಸ ಮಾಡಿದಳು, ನಾನು ಹೊರಡುವ ಮೊದಲು ಜೇಬು ತಪಾಸಣೆ ಮಾಡಿ ಉಣ್ಣೆ ತೆಗೆದಿಡುತ್ತಿದ್ದಳು.

ಹಡಪಸರದ ಟೆಂಪೊ ಇನ್ನೂ ಅಲ್ಲೇ ಒದ್ದಾಡುತ್ತಿತ್ತು. ನಾನು ಹೋಗಿ ಅದರ ಕಿಟಕಿಗೆ ತಟ್ಟಿ, ಮೊದಲು ಆ ಹಾಡು ನಿಲ್ಲಿಸಪ್ಪಾ, ಗಾಡಿ ಏನು ಹೇಳುತ್ತದೆ ಕೇಳಿಸಿಕೊಂಡು ಕ್ಲಚ್ಚು ಬಿಡು ಎಂದೆ. ಡ್ರೈವರು ನನ್ನನ್ನು ವಿಚಿತ್ರವಾಗಿ ನೋಡಿದ. ವಯಸ್ಸಿಗೆ ಮರ್ಯಾದೆ ಕೊಟ್ಟೋ ಏನೋ ಟೇಪು ಆರಿಸಿದ. ನಿಧಾನಕ್ಕೆ ಪೆಡಲು ಬಿಟ್ಟ. ಇಂಜಿನ್ನಿನ ಸ್ವರ ಒಂದು ಮೆಟ್ಟಿಲು ಇಳಿಯಿತು, ನಾನು ಈಗ ಎಂದೆ, ಟೆಂಪೊ ಏರು ಹತ್ತಿ ಹೋಯಿತು.

ನಾನು ಆ ಹೆಂಗಸಿನಿಂದ ಒಂದು ಸೀತಾಫಲ ಕೊಂಡು ಅಲ್ಲೇ ನಿಂತು ಒಡೆದು ತಿಂದೆ. ಸಿಹಿಯಾಗಿಯೇ ಇತ್ತು. ಒಂದಿಷ್ಟು ಗ್ರೀಸು ಕಡಿಮೆಯಾಗಿತ್ತು, ಅಷ್ಟೇ.